ಶಿಲೇದಾರನ ಹತಾರ ಮತ್ತು ದಂಡಿನ ಕೋತ

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ಸಂಚರಿಸುವ ಜಿಜ್ಞಾಸುವಿಗೆ ಒಂದು ಕಾಲದ ಕುರುಹುಗಳು ಈಗಲೂ ಕಾಣಸಿಗುತ್ತವೆ. ಊರ ಏರಿನ ಮೇಲೆ ಅರ್ಧ ಕುಸಿದು ನಿಂತ ಹುಡೇವು. ಗೌಡರ ವಾಡೆಯ ಹೆಬ್ಬಾಗಿಲ ಮೇಲೆ ತುಬಾಕಿಯ ನಳಿಗೆಯನ್ನಿಡಲು ಬಿಟ್ಟ ರಂಧ್ರಗಳು. ದಸರೆಯ ಆಯುಧಪೂಜೆಯ ದಿನ ಮಾತ್ರ ಹೊರಬರುವ ತುಕ್ಕು ಹಿಡಿದ ಕತ್ತಿ. ಇವುಗಳ ಜೊತೆಗೆ ಒಂದು ಮನೆತನದ ಹೆಸರೂ ಇದೆ: ಶಿಲೇದಾರ. ಈ ಶಬ್ದವನ್ನು ನಾವು ನಿತ್ಯವೂ ಕೇಳುತ್ತೇವಾದರೂ ಅದರ ಅರ್ಥವನ್ನು ವಿಚಾರಿಸುವವರು ವಿರಳ. ಅರಬ್ಬಿಯಲ್ಲಿ ‘ಸಿಲಾಹ್’ ಎಂದರೆ ಆಯುಧ. ಪಾರಸಿಯ ‘ದಾರ’ ಎಂದರೆ ಹೊಂದಿದವನು. ಆದಕಾರಣ ತನ್ನ ಸ್ವಂತದ ಆಯುಧವನ್ನು ಹೊತ್ತು ದಂಡಿಗೆ ಬಂದವನೇ ಶಿಲೇದಾರನು. ದಂಡಿನೊಳಗೆ ಬರುವ ಆಯುಧವು ಯಾರದು? ಬಂದ ಮೇಲೆ ಅದನ್ನು ಎಲ್ಲಿಡಬೇಕು? ಅದರ ಕೀಲಿಕೈ ಯಾರ ಬಳಿಯಲ್ಲಿರಬೇಕು? ಇವು ಮೇಲ್ನೋಟಕ್ಕೆ ಉಗ್ರಾಣದ ಪ್ರಶ್ನೆಗಳಂತೆ ತೋರುತ್ತವೆ. ಆದರೆ ನಮ್ಮ ಸೀಮೆಯ ಇತಿಹಾಸದಲ್ಲಿ ಇವೇ ಪ್ರಶ್ನೆಗಳ ಸಲುವಾಗಿ ಊರುಗಳು ಸುಟ್ಟಿವೆ, ಒಂದು ಸಂಸ್ಥಾನವು ಅಳಿದಿದೆ. ಆ ಸಂಗತಿಯನ್ನು ಕ್ರಮವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

ಮರಾಠರ ಕಾಲದ ಕುದುರೆಯ ದಂಡಿನಲ್ಲಿ ಎರಡು ಬಗೆಯ ರಾವುತರಿದ್ದರು. ಸರಕಾರದ ಪಾಗೆಯಿಂದ ಕುದುರೆಯನ್ನೂ ಹತಾರವನ್ನೂ ಪಡೆದವನು ಬಾರಗೀರ. ಎರಡನ್ನೂ ತಾನೇ ತಂದವನು ಶಿಲೇದಾರ. ಶಿಲೇದಾರನ ಪಗಾರವು ಹೆಚ್ಚು, ಮರ್ಯಾದೆಯೂ ಹೆಚ್ಚು. ಆದರೆ ಅವನ ಕುದುರೆ ಸತ್ತರೆ, ಹತಾರ ಮುರಿದರೆ, ಆ ಹಾನಿಯು ಅವನದೇ. ಆದುದರಿಂದ ಶಿಲೇದಾರನು ಯುದ್ಧದಲ್ಲಿ ತನ್ನ ಆಸ್ತಿಯನ್ನು ಉಳಿಸಿಕೊಳ್ಳಲು ನೋಡುವನೆಂಬ ಸಂಶಯವು ಆಳುವವರಿಗೆ ಇದ್ದೇ ಇರುತ್ತಿತ್ತು. ಶಿವಾಜಿ ಮಹಾರಾಜನು ಶಿಲೇದಾರರಿಗಿಂತ ಪಾಗೆಯ ಬಾರಗೀರರನ್ನೇ ಹೆಚ್ಚಾಗಿ ನೆಚ್ಚಿದ್ದನೆಂದು ಇತಿಹಾಸಕಾರರು ಹೇಳುತ್ತಾರೆ. ಸ್ವಂತ ಹತಾರವುಳ್ಳವನು ಸ್ವಂತ ಮನಸ್ಸನ್ನೂ ಉಳ್ಳವನಾಗಿರುತ್ತಾನೆ ಎಂಬುದು ಅರಸರಿಗೆ ಬಹು ಹಿಂದೆಯೇ ತಿಳಿದಿತ್ತು.

1818ರಲ್ಲಿ ಪೇಶವಾಯಿಯು ಮುಗಿದ ತರುವಾಯ ವಿಜಾಪುರದ ಸೀಮೆಯ ಬಹುಭಾಗವು ಸಾತಾರೆಯ ರಾಜನಿಗೆ ಸೇರಿ, 1848ರಲ್ಲಿ ಆ ಸಂಸ್ಥಾನವು ಖಾಲಸಾ ಆದಾಗ ಕುಂಪಣಿಯ ವಶವಾಯಿತು. ಈ ನಡುವೆಯೂ ಹತಾರಗಳು ಸುಮ್ಮನಿರಲಿಲ್ಲ. 1824ರಲ್ಲಿ ದಿವಾಕರ ದೀಕ್ಷಿತನೆಂಬವನು ಜನರನ್ನು ಕೂಡಿಸಿ ಸಿಂದಗಿಯನ್ನು ಸುಲಿದು, ಅಲ್ಲಿ ತನ್ನದೇ ಠಾಣೆಯನ್ನು ಸ್ಥಾಪಿಸಿ ಕಂದಾಯ ವಸೂಲಿಗೂ ತೊಡಗಿದ್ದನು. ಊರಿಗೊಂದು ಹುಡೇವು, ಮನೆಗೊಂದು ತುಬಾಕಿ ಇದ್ದ ಕಾಲದಲ್ಲಿ ಒಬ್ಬ ಸಾಹಸಿಯು ಒಂದು ಸರಕಾರವನ್ನೇ ಹೂಡಲು ಎಷ್ಟು ಅಲ್ಪ ಸಾಧನವು ಸಾಕಾಗುತ್ತಿತ್ತೆಂಬುದಕ್ಕೆ ಇದು ನಿದರ್ಶನವು.

ಇಂತಹ ಸೀಮೆಯ ಮೇಲೆ ಕಣ್ಣಿಡುವುದಕ್ಕಾಗಿ ಕಲಾದಗಿಯಲ್ಲಿ ಕುಂಪಣಿಯ ದಂಡು ಇತ್ತು. ಅಲ್ಲಿ ‘ದಕ್ಷಿಣ ಮರಾಠಾ ಹಾರ್ಸ್’ ಎಂಬ ರಿಸಾಲೆಯು ಕರ್ನಲ್ ಮಾಲ್ಕಮನ ಕೈಕೆಳಗೆ ಇರುತ್ತಿತ್ತು. ಆ ಕಾಲದ ದಂಡಿನೊಳಗೆ ಹತಾರಗಳ ವಿಷಯದಲ್ಲಿ ಮೂರು ಬಗೆಯ ನಡತೆಗಳಿದ್ದುದನ್ನು ವಾಚಕರು ಗಮನಿಸಬೇಕು. ಮೊದಲನೆಯದು, ಪಲಟಣದ ಕಾಲಾಳು ಸಿಪಾಯಿಯದು. ಅವನ ಬಂದೂಕು ಸರಕಾರದ್ದು. ಕವಾಯತು ಮುಗಿದೊಡನೆ ಅದನ್ನು ತಂಡಕ್ಕೊಂದರಂತೆ ಕಟ್ಟಿದ, ಘಂಟೆಯ ಆಕಾರದ ಸಣ್ಣ ಇಟ್ಟಿಗೆಯ ಮನೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಸಿಪಾಯಿಯು ತನ್ನ ಗುಡಿಸಲಿಗೆ ಬರಿಗೈಯಲ್ಲಿ ಮರಳುತ್ತಿದ್ದನು. ಎರಡನೆಯದು, ಶಿಲೇದಾರಿ ಪದ್ಧತಿಯ ರಾವುತನದು. ಕುದುರೆಯೂ ಅವನದೇ, ಆಯುಧವೂ ಅವನದೇ. ಮೂರನೆಯದು, ಬಿಳಿಯ ಅಧಿಕಾರಿಯದು. ಅವನು ಕತ್ತಿಯನ್ನೂ ಪಿಸ್ತೂಲನ್ನೂ ತನ್ನ ಸ್ವಂತ ಹಣದಿಂದ ಕೊಂಡು ತರುವುದು ಆಗಿನ ವಾಡಿಕೆಯು. ಅದನ್ನು ಅವನು ತನ್ನ ಡೇರೆಯಲ್ಲಿ ತನಗೆ ಬೇಕಾದಲ್ಲಿ ಇಡುತ್ತಿದ್ದನು. ಒಂದೇ ದಂಡಿನಲ್ಲಿ ಯಾರ ಆಯುಧಕ್ಕೆ ಬೀಗ, ಯಾರ ಆಯುಧಕ್ಕೆ ಬೀಗವಿಲ್ಲ ಎಂಬುದರ ಮೇಲಿನಿಂದ ಸರಕಾರದ ನಂಬಿಗೆಯು ಯಾರ ಮೇಲಿತ್ತೆಂಬುದನ್ನು ಸುಲಭವಾಗಿ ಎಣಿಸಬಹುದು.

1857ರಲ್ಲಿ ಈ ವ್ಯವಸ್ಥೆಯು ಪರೀಕ್ಷೆಗೆ ಒಳಗಾಯಿತು. ಜುಲೈ ತಿಂಗಳಲ್ಲಿ ಕೊಲ್ಲಾಪುರದ 27ನೆಯ ಪಲಟಣವು ದಂಗೆಯೆದ್ದಿತು. ಅದನ್ನು ಅಡಗಿಸಲು ಸಾತಾರೆಯಿಂದ ಸುಮಾರು 75 ಮೈಲು ದಾರಿಯನ್ನು ಧಾವಿಸಿ ಬಂದವರು ಇದೇ ದಕ್ಷಿಣ ಮರಾಠಾ ಹಾರ್ಸಿನ ರಾವುತರು. ಅವರ ನಾಯಕನಾದ ಲೆಫ್ಟಿನೆಂಟ್ ಕೆರನಿಗೆ ಇದಕ್ಕಾಗಿ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಮುಂದಿನ ತಿಂಗಳಲ್ಲಿ ಆ ಪಲಟಣದ ಹತಾರಗಳನ್ನು ಕಸಿದುಕೊಳ್ಳಲಾಯಿತು. ಬೀಗದ ಮನೆಯಲ್ಲಿಟ್ಟ ಸರಕಾರಿ ಬಂದೂಕು ಸರಕಾರದ ಮೇಲೆಯೇ ತಿರುಗಿತು. ಬೀಗವಿಲ್ಲದ ಶಿಲೇದಾರರು ಸರಕಾರದ ಪಕ್ಷದಲ್ಲಿ ನಿಂತರು. ಆದುದರಿಂದ ಬೀಗವೊಂದೇ ನಿಷ್ಠೆಯನ್ನು ಕಾಯುವುದಿಲ್ಲವೆಂದು ಆ ವರುಷವೇ ಸಿದ್ಧವಾಗಿತ್ತು. ಆದರೆ ಕಲಕತ್ತೆಯ ಸರಕಾರವು ಈ ಘಟನೆಗಳಿಂದ ಕಲಿತ ಪಾಠವು ಬೇರೆಯದು. ಸಪ್ಟಂಬರದಲ್ಲಿ 1857ರ 28ನೆಯ ಕಾಯದೆಯು ಹೊರಟಿತು. ದಂಡಿನೊಳಗಿನ ಬೀಗವನ್ನು ಅದು ಊರೂರಿಗೂ ತಂದಿತು. ಪ್ರಜೆಗಳು ತಮ್ಮ ಹತಾರಗಳನ್ನು ದಾಖಲು ಮಾಡಿಸಿ ಪರವಾನಿಗೆ ಪಡೆಯಬೇಕು; ಪರವಾನಿಗೆಯಿಲ್ಲದ ಹತಾರವು ಸರಕಾರದ ಪಾಲು.

ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯ ಬೇಡರಿಗೆ ಈ ಆಜ್ಞೆಯು ಮುಟ್ಟಿದಾಗ ಅವರು ಒಪ್ಪಲಿಲ್ಲ. ಬೇಟೆಯೇ ವೃತ್ತಿಯಾದ, ಊರಕಾವಲೇ ಧರ್ಮವಾದ ಜನಕ್ಕೆ ಹತಾರವೆಂಬುದು ಒಕ್ಕಲಿಗನ ನೇಗಿಲಿದ್ದಂತೆ. ದಾಖಲೆಗೆಂದು ಕೊಟ್ಟದ್ದು ತಿರುಗಿ ಬಾರದೆಂದು ಅವರು ನಂಬಿದರು. ಆ ನಂಬಿಕೆಯು ನಿರಾಧಾರವಾದದ್ದೆಂದು ಹೇಳಲಾಗದು. ನವಂಬರ ತಿಂಗಳ ಕೊನೆಯಲ್ಲಿ ಕರ್ನಲ್ ಮಾಲ್ಕಮನು ತನ್ನ ರಾವುತರೊಂದಿಗೆ ಹಲಗಲಿಯನ್ನು ಮುತ್ತಿದನು. ಮನೆಗಳಿಗೆ ಬೆಂಕಿ ಬಿದ್ದಿತು. ಸುಮಾರು 100 ಜನ ಬೇಡರು ಮಡಿದರು. ಸೆರೆಸಿಕ್ಕವರಲ್ಲಿ 19 ಜನರನ್ನು ಗಲ್ಲಿಗೇರಿಸಿದರು: ದಶಂಬರ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲಿ 6 ಜನರನ್ನು. ಈ ಕಥೆಯನ್ನು ಹಾಡುವ ಲಾವಣಿಯನ್ನು ಫ್ಲೀಟ ಸಾಹೇಬರು ಸಂಗ್ರಹಿಸಿ 1885ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದುದರಿಂದ ಅದು ವಿದ್ವಾಂಸರಿಗೂ ದೊರೆಯುವಂತಾಯಿತು. ಹಲಗಲಿಯ ಹೆಸರು ಇಂದಿಗೂ ಕರ್ನಾಟಕದ ನಾಲಗೆಯ ಮೇಲೆ ನಿಂತಿರುವುದು ಕಾಗದಪತ್ರಗಳಿಂದಲ್ಲ, ಲಾವಣಿಯಿಂದ.

ಹಲಗಲಿಯ ಹೊಗೆಯು ಆರುವ ಮೊದಲೇ ನಮ್ಮ ತಾಲೂಕುಗಳ ಮಗ್ಗುಲಲ್ಲಿಯೇ ಇನ್ನೊಂದು ಬೇಡರ ಸಂಸ್ಥಾನವು ಉರಿಯಿತು. ಮುದ್ದೇಬಿಹಾಳ, ಸಿಂದಗಿಗಳ ಮೂಡಲಿಗೆ ಸುರಪುರವಿದೆ. ಅಲ್ಲಿಯ ರಾಜಾ ವೆಂಕಟಪ್ಪ ನಾಯಕನು ಬಾಲ್ಯದಲ್ಲಿ ಮೆಡೋಸ್ ಟೇಲರನ ಮೇಲ್ವಿಚಾರಣೆಯಲ್ಲಿ ಬೆಳೆದವನು; ಟೇಲರನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. 1858ರ ಫೆಬ್ರುವರಿ 7ರ ರಾತ್ರಿ ಸುರಪುರದ ಬಳಿ ಇಳಿದಿದ್ದ ಕ್ಯಾಪ್ಟನ್ ವಿಂಡಮನ ಶಿಬಿರದ ಮೇಲೆ ದಾಳಿ ನಡೆಯಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿಯು ಮಡಿದನು. ಆ ರಾತ್ರಿಯೇ ರಾಜನು ಕೆಲವೇ ಸವಾರರೊಂದಿಗೆ ಸುರಪುರವನ್ನು ಬಿಟ್ಟು ಹೈದರಾಬಾದಿಗೆ ಹೋದನು, ಅಲ್ಲಿ ಸೆರೆಯಾದನು. ಗಲ್ಲಿನ ಶಿಕ್ಷೆಯು ಮೊದಲು ಜನ್ಮಾವಧಿಗೆ, ಮುಂದೆ ನಾಲ್ಕು ವರುಷಗಳ ಸೆರೆವಾಸಕ್ಕೆ ಇಳಿಯಿತೆಂದು ಟೇಲರನು ಬರೆದಿದ್ದಾನೆ. ನಾಲ್ಕು ವರುಷ ಕಳೆದರೆ ರಾಜನು ತಿರುಗಿ ತನ್ನ ನಾಡನ್ನು ಕಾಣಬಹುದಾಗಿತ್ತು.

ಆದರೆ ಅದು ಆಗಲಿಲ್ಲ. ಸೆರೆಯ ಕೋಟೆಗೆ ಕರೆದೊಯ್ಯುವಾಗ ಹೈದರಾಬಾದಿನಿಂದ ಹೊರಟ ಮೊದಲನೆಯ ತಂಗುದಾಣದಲ್ಲಿಯೇ ರಾಜನು ಗುಂಡು ತಗಲಿ ಸತ್ತನು. ಟೇಲರನು ತನ್ನ ಆತ್ಮಕಥೆಯಲ್ಲಿ ಹೇಳಿರುವ ಪ್ರಕಾರ, ಕಾವಲಿನ ಅಧಿಕಾರಿಯು ಪಿಸ್ತೂಲಿದ್ದ ತನ್ನ ಸೊಂಟಪಟ್ಟಿಯನ್ನು ಬಿಚ್ಚಿ ಕುರ್ಚಿಗೆ ತೂಗಹಾಕಿ ಡೇರೆಯ ಹೊರಗೆ ಹೋದನು. ಒಡನೆಯೇ ಗುಂಡಿನ ಶಬ್ದವು ಕೇಳಿಸಿತು. ಓಡಿಬಂದು ನೋಡಲು ರಾಜನು ನೆಲಕ್ಕುರುಳಿದ್ದನು. ಟೇಲರನು ಅಲ್ಲಿ ಪ್ರತ್ಯಕ್ಷ ಇದ್ದವನಲ್ಲ, ಕೇಳಿದುದನ್ನು ಬರೆದವನು. ಸುರಪುರದ ಸೀಮೆಯ ಜನರೆಲ್ಲ ಈ ಮಾತನ್ನು ಒಪ್ಪಿಲ್ಲ; ಇದು ಕೊಲೆಯೆಂದು ಹೇಳುವವರು ಇದ್ದಾರೆ. ಆ ವಾದವನ್ನು ಇಲ್ಲಿ ತೀರ್ಮಾನಿಸುವುದು ಶಕ್ಯವಿಲ್ಲ. ಆದರೆ ಸರಕಾರದ ಪಕ್ಷದವರ ಹೇಳಿಕೆಯನ್ನೇ ಪ್ರಮಾಣವಾಗಿ ಹಿಡಿದರೂ ಒಂದು ಮಾತು ಉಳಿದೇ ಉಳಿಯುತ್ತದೆ. ಹಲಗಲಿಯ ಬೇಡನೊಬ್ಬನ ಗುಡಿಸಲಿನಲ್ಲಿ ತುಬಾಕಿ ಇರುವುದು ಅಪಾಯವೆಂದು ಊರನ್ನೇ ಸುಟ್ಟ ಸರಕಾರದ ಅಧಿಕಾರಿಯು, ತನ್ನ ಶಿಬಿರದೊಳಗೆ, ರಾಜಬಂದಿಯ ಕೈಗೆ ನಿಲುಕುವಂತೆ, ತನ್ನ ಪಿಸ್ತೂಲನ್ನು ಕುರ್ಚಿಯ ಮೇಲೆ ಬಿಟ್ಟುಹೋದನು. ಪ್ರಜೆಗೆ ಅನ್ವಯಿಸಿದ ನಿಯಮವನ್ನು ಆಳುವವನು ತನಗೆ ಅನ್ವಯಿಸಿಕೊಂಡಿದ್ದರೆ, ಟೇಲರನ ಕಥನದಂತೆಯೇ, ರಾಜನು ಅಂದು ಸಾಯುತ್ತಿರಲಿಲ್ಲ.

ಇದೇ ಕಾಯದೆಯು ಕರ್ನಾಟಕದ ಇನ್ನೊಂದು ಮೂಲೆಯಲ್ಲಿ ಬೇರೆ ಮುಖವನ್ನು ತೋರಿಸಿತು. 1861ರ ಫೆಬ್ರುವರಿಯಲ್ಲಿ ಮಾರ್ಕ್ ಕಬ್ಬನನು ಕೊಡಗರನ್ನು ನಿಶ್ಶಸ್ತ್ರೀಕರಣದ ಕಾಯದೆಯಿಂದ ಮುಕ್ತಗೊಳಿಸಿದನು. ದಂಗೆಯ ಕಾಲದಲ್ಲಿ ಅವರು ತೋರಿದ ನಿಷ್ಠೆಗೆ ಇದು ಮರ್ಯಾದೆಯ ಗುರುತಾಗಿತ್ತು. ಈ ವಿನಾಯಿತಿಯು ಸ್ವತಂತ್ರ ಭಾರತದಲ್ಲಿಯೂ ನಿಂತು, 2019ರಲ್ಲಿ ಇನ್ನೂ ಹತ್ತು ವರುಷಗಳಿಗೆ ಮುಂದುವರಿಯಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೊಡಗರಿಗೆ ಬಂದೂಕು ಹೇಗೆ ಕುಲಾಚಾರಕ್ಕೆ ಸಂಬಂಧಪಟ್ಟಿತ್ತೋ ಹಾಗೆಯೇ ಬೇಡರಿಗೂ ಹತಾರವು ಕುಲವೃತ್ತಿಗೆ ಸಂಬಂಧಪಟ್ಟಿತ್ತು. ಒಬ್ಬರಿಗೆ ವಿನಾಯಿತಿ, ಒಬ್ಬರಿಗೆ ನೇಣು. ನಾವು ಕೊಡಗರ ಮೇಲೆ ಅಸೂಯೆಪಡಬೇಕಾಗಿಲ್ಲ. ಆದರೆ ಕಾಯದೆಯ ತಕ್ಕಡಿಯು ಆಯುಧವನ್ನು ತೂಗದೆ ಅದನ್ನು ಹಿಡಿದ ಜನರನ್ನು ತೂಗಿತೆಂಬುದನ್ನು ಮರೆಯಬಾರದು.

ಮುಂದೆ ಲಾರ್ಡ್ ಲಿಟ್ಟನನ ಕಾಲದಲ್ಲಿ 1878ರ 11ನೆಯ ಕಾಯದೆಯು ಇಡಿಯ ಬ್ರಿಟಿಷ್ ಹಿಂದೂಸ್ಥಾನವನ್ನು ಪರವಾನಿಗೆಯ ಬಲೆಯಲ್ಲಿ ಹಾಕಿತು. ದಂಡಿನಲ್ಲಿ ಶಿಲೇದಾರಿಯು ಇನ್ನೂ ಕೆಲಕಾಲ ಬದುಕಿತ್ತು. ರಿಸಾಲೆಗೆ ಸೇರುವ ಯುವಕನು ‘ಅಸಾಮಿ’ ಎಂಬ ಹಣವನ್ನು ಕಟ್ಟಿ ಕುದುರೆ ಮೊದಲಾದವನ್ನು ಪಡೆಯುತ್ತಿದ್ದನು. ಬಂದೂಕು ಮಾತ್ರ ಸರಕಾರದ್ದೇ ಆಗಿರುತ್ತಿತ್ತು. ಕತ್ತಿಯನ್ನು ನಂಬಿ ಕೊಟ್ಟವರು ಬಂದೂಕನ್ನು ನಂಬಿ ಕೊಡಲಿಲ್ಲ. 1914–18ರ ಮಹಾಯುದ್ಧದಲ್ಲಿ ಈ ಪದ್ಧತಿಯು ನಿರ್ವಹಿಸಲಾರದೆ ಹೋದುದರಿಂದ ಯುದ್ಧದ ತರುವಾಯ ಅದನ್ನು ತೆಗೆದುಹಾಕಿದರು. ಶಿಲೇದಾರನು ಮನೆತನದ ಹೆಸರಾಗಿ ಮಾತ್ರ ಉಳಿದನು.

ಸ್ವಾತಂತ್ರ್ಯದ ಕಾಲಕ್ಕೆ ಈ ಪ್ರಶ್ನೆಯು ಮತ್ತೊಮ್ಮೆ ಎದ್ದಿತು. 1931ರ ಕರಾಚಿ ಕಾಂಗ್ರೆಸ್ಸಿನ ಠರಾವಿನಲ್ಲಿ, ನಿಯಮಗಳಿಗೆ ಒಳಪಟ್ಟು ಶಸ್ತ್ರ ಧರಿಸುವ ಹಕ್ಕನ್ನೂ ಸೇರಿಸಿದ್ದರು. ಅದನ್ನು ನೆನಪಿಸಿ, ಮಂಗಳೂರಿನಲ್ಲಿ ಹುಟ್ಟಿದ ಶ್ರೀ ಹರಿ ವಿಷ್ಣು ಕಾಮತರು 1948ರ ದಶಂಬರದಲ್ಲಿ ಸಂವಿಧಾನ ಸಭೆಯ ಮುಂದೆ ಈ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ತಿದ್ದುಪಡಿ ತಂದರು. ಡಾ. ಅಂಬೇಡಕರರು ಅದನ್ನು ಒಪ್ಪಲಿಲ್ಲ; ತಿದ್ದುಪಡಿಯು ಬಿದ್ದುಹೋಯಿತು. ಪರಕೀಯ ಸರಕಾರವು ಭಯದಿಂದ ಹಾಕಿದ ಬೀಗವನ್ನು ಸ್ವಕೀಯ ಸರಕಾರವು ಸಮಾಜದ ಶಾಂತಿಗಾಗಿ ಉಳಿಸಿಕೊಂಡಿತು. ಬೀಗವು ಒಂದೇ ಆದರೂ ಹಾಕುವವನ ಅಧಿಕಾರದ ಮೂಲವು ಬದಲಾಗಿರುವುದನ್ನು ವಿವೇಕಿಗಳು ಒಪ್ಪಬೇಕು.

ಈಗ ನಡೆಯುತ್ತಿರುವ 1959ರ ಶಸ್ತ್ರ ಕಾಯದೆಯು 1962ರ ಅಕ್ಟೋಬರ 1ರಿಂದ ಜಾರಿಯಾಯಿತು. ಅದರ 21ನೆಯ ಕಲಮು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಪರವಾನಿಗೆಯ ಅವಧಿ ಮುಗಿದೋ ಬೇರೆ ಕಾರಣದಿಂದಲೋ ಒಬ್ಬನ ಬಳಿ ಹತಾರವಿರುವುದು ಕಾಯದೆಬಾಹಿರವಾದರೆ, ಅವನು ವಿಳಂಬವಿಲ್ಲದೆ ಅದನ್ನು ಸಮೀಪದ ಪೋಲೀಸ ಠಾಣೆಯಲ್ಲಿ ಅಥವಾ ಪರವಾನಿಗೆಯುಳ್ಳ ವ್ಯಾಪಾರಿಯಲ್ಲಿ ಇಡಬೇಕು. ಅವನು ಸೈನ್ಯದವನಾಗಿದ್ದರೆ ತನ್ನ ಪಲಟಣದ ಶಸ್ತ್ರಾಗಾರದಲ್ಲಿಯೂ ಇಡಬಹುದು. ಸೈನ್ಯದವರು ಈ ಶಸ್ತ್ರಾಗಾರಕ್ಕೆ ‘ಕೋತ’ ಎನ್ನುತ್ತಾರೆ. 2019ರ ತಿದ್ದುಪಡಿಯಿಂದ ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯು ಮೂರರಿಂದ ಎರಡಕ್ಕೆ ಇಳಿದಾಗಲೂ, ಹೆಚ್ಚಿನದನ್ನು ಇಡಲು ಸೈನಿಕನಿಗೆ ಇದೇ ಸ್ಥಳವನ್ನು ಹೇಳಿದ್ದಾರೆ. ಅಂದರೆ ಸೈನಿಕನ ಸ್ವಂತದ ಆಯುಧಕ್ಕೆ ದಂಡಿನಲ್ಲಿ ಇಂದಿಗೂ ಸ್ಥಳವುಂಟು. ಆದರೆ ಆ ಸ್ಥಳವು ಡೇರೆಯ ಕುರ್ಚಿಯಲ್ಲ, ಲೆಕ್ಕವಿಟ್ಟು ಬೀಗ ಹಾಕಿದ ಕೋತ. ಸಿಪಾಯಿಯೂ ಅಧಿಕಾರಿಯೂ ಈ ಕಲಮಿನ ಮುಂದೆ ಸಮಾನರು. ಹಲಗಲಿಯ ಕಾಲದ ಮೂರು ಬಗೆಯ ನಡತೆಗಳು ಒಂದಾಗುವುದಕ್ಕೆ ನೂರು ವರುಷಗಳು ಹಿಡಿದವು.

ಕೊನೆಯಲ್ಲಿ ಒಂದು ವಿಜ್ಞಾಪನೆ. ಹಳೆಯ ಮನೆತನಗಳ ಕಪಾಟುಗಳಲ್ಲಿ ಹಿರಿಯರ ಕಾಲದ ಹತಾರಗಳ ಪರವಾನಿಗೆಗಳು, ರಿಸಾಲೆಯ ಚಾಕರಿಯ ಕಾಗದಗಳು, ಠಾಣೆಗೆ ಒಪ್ಪಿಸಿದ ಕತ್ತಿ ಬಂದೂಕುಗಳ ಪಾವತಿಗಳು ಹುಳು ತಿನ್ನುತ್ತ ಬಿದ್ದಿರುವ ಸಂಭವವಿದೆ. ಬಂದೂಕನ್ನು ಕಾಯದೆಯ ಪ್ರಕಾರ ಇಡಬೇಕಾದಲ್ಲಿ ಇಡಿರಿ. ಕಾಗದಗಳನ್ನು ಮಾತ್ರ ದಯವಿಟ್ಟು ಬಿಸಾಡಬೇಡಿರಿ. ನಾಲ್ಕೂ ತಾಲೂಕುಗಳ ಹುಡೇವುಗಳ ಸ್ಥಿತಿಯನ್ನೂ, ಅಲ್ಲಲ್ಲಿ ಇನ್ನೂ ಹಾಡುವ ಲಾವಣಿಗಳನ್ನೂ ಯಾರಾದರೂ ಉತ್ಸಾಹಿ ತರುಣರು ಬರೆದಿಟ್ಟುಕೊಂಡರೆ ನಮ್ಮ ಸೀಮೆಯ ಇತಿಹಾಸಕ್ಕೆ ದೊಡ್ಡ ಉಪಕಾರವಾದೀತು. ಹಲಗಲಿಯ ಕಥೆಯು ನಮಗೆ ಉಳಿದದ್ದು ಒಬ್ಬರು ಹಾಡಿದುದರಿಂದ, ಇನ್ನೊಬ್ಬರು ಬರೆದುಕೊಂಡುದರಿಂದ. ನಮ್ಮ ಊರುಗಳ ಕಥೆಗಳಿಗೂ ಅಂಥ ಇಬ್ಬರು ಬೇಕಾಗಿದ್ದಾರೆ.