ನಾನೂರು ಕೇಳಿದರೆ ಎಂಟು

ಕಳೆದ ತಿಂಗಳು ಪುಣೆಯ ನಮ್ಮ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದು ಬಂದ. "ಸರ್, ಮ್ಯಾಲಕ್ ಬಳಸಿ 400 ಬೈಟ್ ತಗೊಂಡಿದೀನಿ. ಸೈಜ್‌ಆಫ್ ಕೇಳಿದ್ರೆ 8 ಅಂತಿದೆ!"

ನಾನು ಎಂಟೆಕ್ ಓದುವಾಗ ಅದೇ ಪ್ರಶ್ನೆಗೆ 32 ಬಿಟ್ ಯಂತ್ರ 4 ಅಂದಿತ್ತು. ಅದು ಅರೇಯ ಅಳತೆಯಲ್ಲ, ಅದರ ವಿಳಾಸ ಹೊತ್ತ ಪಾಯಿಂಟರಿನ ಅಳತೆ. ಮನೆ ಎಷ್ಟು ದೊಡ್ಡದು ಎಂದು ಕೇಳಿದವರಿಗೆ ವಿಳಾಸದ ಚೀಟಿಯ ಉದ್ದ ಹೇಳಿದ ಹಾಗೆ. ಗೊತ್ತಿದ್ದೂ ನಾನು ಕೆಲಸಕ್ಕೆ ಸೇರಿದ ಮೇಲೆ ಮತ್ತೆ ಎಡವಿದ್ದೆ: ಇಡೀ ಬಫರ್ ಅಳಿಸಬೇಕಾದಲ್ಲಿ ಮೊದಲ ಕೆಲವೇ ಬೈಟ್ ಅಳಿಸಿ, ಒಬ್ಬ ಗ್ರಾಹಕರ ಅಂಕಿಗಳು ಇನ್ನೊಬ್ಬರ ವರದಿಯಲ್ಲಿ ಕಾಣಿಸಿಕೊಂಡವು. ಹಾಗಾಗಿ ಹುಡುಗನನ್ನು ನೋಡಿ ನಗು ಬರಲಿಲ್ಲ.

ಇದರ ಬೇರು 1970ರ ದಶಕದ ಆರಂಭದ ಬೆಲ್ ಲ್ಯಾಬ್ಸ್‌ನಲ್ಲಿದೆ. ಸಿಗಿಂತ ಹಿಂದಿನ ಬಿ ಭಾಷೆಯಲ್ಲಿ ಅರೇ ಘೋಷಿಸಿದರೆ, ಅದರ ಜಾಗದ ಜೊತೆಗೆ ಆ ಜಾಗವನ್ನು ತೋರಿಸುವ ಪಾಯಿಂಟರೂ ಮೆಮೊರಿಯಲ್ಲಿ ಕೂರುತ್ತಿತ್ತು. ಡೆನಿಸ್ ರಿಚಿ ಸ್ಟ್ರಕ್ಚರ್ ಸೇರಿಸಹೊರಟಾಗ ಅದೇ ತೊಡಕಾಯಿತು. 1993ರಲ್ಲಿ ಅವರೇ ಬರೆದ ಚರಿತ್ರೆಯಲ್ಲಿ ಕೊಟ್ಟ ಉದಾಹರಣೆ ಯೂನಿಕ್ಸ್ ಡೈರೆಕ್ಟರಿಯದು: ಒಂದು ಐನೋಡ್ ಸಂಖ್ಯೆ, ಪಕ್ಕದಲ್ಲೇ 14 ಅಕ್ಷರದ ಹೆಸರು. ಡಿಸ್ಕ್‌ನಲ್ಲಿರುವಂತೆಯೇ ಮೆಮೊರಿಯಲ್ಲೂ ಇರಬೇಕೆಂದರೆ ಪಾಯಿಂಟರನ್ನು ಎಲ್ಲಿ ತುರುಕುವುದು? ಇಡುವುದೇ ಬೇಡ, ಅರೇಯ ಹೆಸರು ಬಂದಾಗಲೆಲ್ಲ ಮೊದಲ ಅಂಶದ ವಿಳಾಸವನ್ನು ಆಗಿಂದಾಗಲೇ ಹುಟ್ಟಿಸೋಣ ಎಂದರು. ಜಾಣ ಉಪಾಯವೇ. ಆದರೆ ಫಂಕ್ಷನ್ನಿಗೆ ಅರೇ ಕಳಿಸಿದರೆ ತಲುಪುವುದು ವಿಳಾಸ ಮಾತ್ರ. ಉದ್ದ ದಾರಿಯಲ್ಲೇ ಉಳಿಯುತ್ತದೆ.

ಪ್ಯಾಸ್ಕಲ್ ಇದಕ್ಕೆ ವಿರುದ್ಧ. ಅಲ್ಲಿ ಅಳತೆ ಟೈಪಿನದೇ ಭಾಗ. 10 ಅಂಶಕ್ಕೆ ಬರೆದ ಫಂಕ್ಷನ್ 20ಕ್ಕೆ ಒಗ್ಗುವುದಿಲ್ಲ. 1981ರಲ್ಲಿ ಬ್ರಯಾನ್ ಕರ್ನಿಹನ್ ಇದರ ಮೇಲೆ ದೂರಿ ಬರೆದರು. ನ್ಯಾಯವಾದ ದೂರೇ, ಆದರೆ ಸಿ ಕಡೆಯ ಬೆಲೆ ಇನ್ನೂ ದೊಡ್ಡದಿತ್ತು. 1988ರ ನವೆಂಬರ್ 2ರಂದು ಹೊರಬಿದ್ದ ಮಾರಿಸ್ ವರ್ಮ್ ನುಗ್ಗಿದ ದಾರಿಗಳಲ್ಲೊಂದು, ಫಿಂಗರ್ ಸೇವೆಯ 512 ಬೈಟಿನ ಬಫರ್. ಓದುತ್ತಿದ್ದ ಗೆಟ್ಸ್ ಫಂಕ್ಷನ್ನಿಗೆ ಬಫರ್ ಎಷ್ಟು ದೊಡ್ಡದೆಂದು ಹೇಳಲು ಅವಕಾಶವೇ ಇರಲಿಲ್ಲ. ಅದನ್ನು ಸಿ ಮಾನಕದಿಂದ ಕಿತ್ತದ್ದು 2011ರಲ್ಲಿ!

"ಉದ್ದಕ್ಕೆ ಬೇರೆ ವೇರಿಯಬಲ್ ಇಟ್ಕೋ, ಪಾಯಿಂಟರ್ ಜೊತೆಗೇ ಕಳಿಸು" ಎಂದೆ.

"ಫ್ರೀ ಮಾಡುವಾಗ ನಾವು ಅಳತೆ ಹೇಳೋದೇ ಇಲ್ವಲ್ಲ ಸರ್. ಹಾಗಾದ್ರೆ ಅದಕ್ಕೆ ಗೊತ್ತಿರ್ಬೇಕು?"

"ಗೊತ್ತಿರುತ್ತೆ. ಸಾಮಾನ್ಯವಾಗಿ ಬ್ಲಾಕಿನ ಹಿಂದೆಯೇ ಬರ್ಕೊಂಡಿರುತ್ತೆ. ಆದ್ರೆ ಕೇಳೋಕೆ ಸಿ ಮಾನಕದಲ್ಲಿ ದಾರಿಯಿಲ್ಲ."

ಅವನು ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಿದ್ದು, ಇನ್ನೊಂದು ವೇರಿಯಬಲ್ ಟೈಪ್ ಮಾಡಿದ.