ಮೇಲಧಿಕಾರಿ ಸಹಿ ಇದ್ದರೆ ತೆರಿಗೆ ಆದೇಶ ಪಕ್ಕಾ ಆಯಿತೇ?

‘ಐಟಿ ಆದೇಶಕ್ಕೆ ಮೇಲಧಿಕಾರಿ ಒಪ್ಪಿಗೆ ಕೊಟ್ಟಿದ್ದರೆ ಮುಗಿಯಿತು, ಇನ್ನು ಯಾರೂ ಏನೂ ಮಾಡೋಕಾಗಲ್ಲ’ ಅನ್ನುವ ಮಾತನ್ನು ನೀವೂ ಕೇಳಿರಬಹುದು. ಇದು ನಿಜವಲ್ಲ.

ಮೊದಲಿಗೆ, ಎಲ್ಲ ಆದೇಶಗಳಿಗೂ ಇಂಥ ಒಪ್ಪಿಗೆ ಬೇಕಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಹಳೆಯ ವರ್ಷದ ಲೆಕ್ಕವನ್ನು ಮತ್ತೆ ತೆರೆಯಲು ಸೆಕ್ಷನ್ 151ರಡಿ ಒಪ್ಪಿಗೆ ಬೇಕು. ದಾಳಿ ನಡೆದ ಪ್ರಕರಣಗಳಲ್ಲಿ ಕೆಳಹಂತದ ಅಧಿಕಾರಿ ಆದೇಶ ಹೊರಡಿಸುವ ಮುನ್ನ ಜಂಟಿ ಆಯುಕ್ತರ ಒಪ್ಪಿಗೆ ಬೇಕು. 2021ರ ಮಾರ್ಚ್ 31ರವರೆಗೆ ನಡೆದ ದಾಳಿಗಳಿಗೆ ಈ ನಿಯಮ 2007ರಲ್ಲಿ ಸೇರಿಸಿದ ಸೆಕ್ಷನ್ 153ಡಿಯಲ್ಲಿತ್ತು.

ಒಪ್ಪಿಗೆ ಅಂದರೆ ಬರೀ ಸಹಿಯೇ? 1971ರ ಒಂದು ಪ್ರಕರಣದಲ್ಲಿ, ನೋಟಿಸ್ ಕೊಡಲು ಇದು ತಕ್ಕ ಪ್ರಕರಣವೇ ಎಂಬ ಪ್ರಶ್ನೆಗೆ ಕಮಿಷನರ್ ‘ಎಸ್’ ಎಂದಷ್ಟೇ ಬರೆದು ಸಹಿ ಹಾಕಿದ್ದರು. ಯೋಚಿಸದೆ ಕೊಟ್ಟ ಒಪ್ಪಿಗೆ ಇದು ಎಂದ ಸುಪ್ರೀಂ ಕೋರ್ಟ್ ನೋಟಿಸನ್ನೇ ರದ್ದು ಮಾಡಿತು. 2024ರಲ್ಲಿ ದೆಹಲಿ ಹೈಕೋರ್ಟ್ ಮುಂದೆ ಬಂದ 153ಡಿ ಪ್ರಕರಣದಲ್ಲಂತೂ ಒಂದೇ ದಿನ 43 ಕೇಸುಗಳಿಗೆ ಒಪ್ಪಿಗೆ ಸಿಕ್ಕಿತ್ತು! ಅಷ್ಟೂ ಕಡತ ಓದಿದ್ದು ಯಾವಾಗ? ತೆರಿಗೆದಾರರ ಪರ ಬಂದಿದ್ದ ನ್ಯಾಯಮಂಡಳಿಯ ತೀರ್ಪನ್ನು ಹೈಕೋರ್ಟ್ ಎತ್ತಿಹಿಡಿಯಿತು.

ಹಾಗಂತ ನೋಟಿಸ್ ಬಂದರೆ ಸುಮ್ಮನಿರಬೇಡಿ. ಉತ್ತರ ಕೊಡದಿದ್ದರೆ ಅಧಿಕಾರಿ ಕೈಯಲ್ಲಿರುವ ಮಾಹಿತಿಯ ಮೇಲೆಯೇ ತೆರಿಗೆ ನಿಗದಿ ಮಾಡಬಹುದು. ಉತ್ತರ ಕೊಡಿ, ಒಪ್ಪಿಗೆ ಪತ್ರದ ಪ್ರತಿ ಕೇಳಿ, ಅದರಲ್ಲಿ ಲೋಪ ಕಂಡರೆ ಮೇಲ್ಮನವಿಯಲ್ಲಿ ಎತ್ತಿ.