ಗುಡಿಯಿಂದ ಗುಡಿಗೆ ನಡೆದ ಹೆಸರು

ಬೇಲೂರು, ಹಳೇಬೀಡು ನೋಡಿ ದಣಿದ ಪ್ರವಾಸಿಗರು ಜಾವಗಲ್‌ವರೆಗೆ ಬರುವುದು ಅಪರೂಪ. ಆದರೆ ಹೊಯ್ಸಳರ ಕಾಲದಲ್ಲಿ ಕಲ್ಲು ಕೆತ್ತಿದವರ ಪಾಡು ಹೇಗಿತ್ತೆಂದು ತಿಳಿಯಬೇಕಾದವರು ಮೊದಲು ನೋಡಬೇಕಾದ್ದು ಹದಿಮೂರನೆಯ ಶತಮಾನದ ನಡುಭಾಗದ ಇಲ್ಲಿನ ಲಕ್ಷ್ಮೀನರಸಿಂಹ ಗುಡಿಯನ್ನೇ. ರಾಜಧಾನಿಯ ಗುಡಿಗಳಲ್ಲಿ ದೊರೆಯ ಪ್ರತಿಷ್ಠೆ ಎಲ್ಲವನ್ನೂ ಮರೆಮಾಡುತ್ತದೆ. ಜಾವಗಲ್ ಮಾತ್ರ ಒಂದರ ಹಿಂದೊಂದು ಎದ್ದ ಹತ್ತಾರು ಗುಡಿಗಳ ಸಾಲಿನಲ್ಲಿ ಒಂದು. ಇಲ್ಲಿ ರುಜು ಹಾಕಿರುವ ರೂವಾರಿ ಮಲ್ಲಿತಮ್ಮನ ಹೆಸರು 1196ರ ಹೊತ್ತಿಗೆ ತರೀಕೆರೆ ಬಳಿಯ ಅಮೃತಾಪುರದಲ್ಲಿ ಕಾಣಿಸಿಕೊಂಡು, ಅರಸೀಕೆರೆ ಪಕ್ಕದ ಹಾರನಹಳ್ಳಿ, 1246ರ ನುಗ್ಗೇಹಳ್ಳಿ ದಾಟಿ, 1258ರ ಸೋಮನಾಥಪುರದವರೆಗೂ ನಡೆಯುತ್ತದೆ. ನಲವತ್ತಕ್ಕೂ ಹೆಚ್ಚು ಕೆಲಸಗಳನ್ನು ಅವನ ಹೆಸರಿಗೆ ಸೇರಿಸುತ್ತಾರೆ. ಕೆಲವೆಡೆ ಪೂರ್ತಿ ಹೆಸರು, ಕೆಲವೆಡೆ ‘ಮಲ್ಲಿ’, ಇನ್ನು ಕೆಲವೆಡೆ ಬರೀ ‘ಮ’. ಪುರುಸೊತ್ತಿಲ್ಲದವನ ರುಜು ಅದು.

ಈ ರುಜುಗಳನ್ನು ಕಲಾವಿದನ ಆತ್ಮಗೌರವವೆಂದೋ ದೇವರಿಗೆ ಅರ್ಪಿಸಿದ ಹೆಸರೆಂದೋ ಓದುವುದು ರೂಢಿ. ಅವು ಮುಖ್ಯವಾಗಿ ಕೆಲಸದ ಸಂತೆಯ ಗುರುತುಗಳೆಂದು ನನ್ನ ವಾದ. ಗುಡಿ ಕಟ್ಟಿಸುತ್ತಿದ್ದವನು ರಾಜನೊಬ್ಬನೇ ಅಲ್ಲ. ಹಾರನಹಳ್ಳಿಯದು ಹೆಗ್ಗಡೆ ಅಣ್ಣತಮ್ಮಂದಿರ ಕೆಲಸ, ನುಗ್ಗೇಹಳ್ಳಿಯದು ಬೊಮ್ಮಣ್ಣ ದಂಡನಾಯಕನದು, ಸೋಮನಾಥಪುರದ್ದು ಸೋಮ ದಂಡನಾಯಕನದು. ಅದಕ್ಕೂ ಮೊದಲು ದೊಡ್ಡಗದ್ದವಳ್ಳಿಯಲ್ಲಿ ವ್ಯಾಪಾರಿಯೊಬ್ಬ ಕಟ್ಟಿಸಿದ್ದ. ದುಡ್ಡು ಹಾಕುವವರು ಹೆಚ್ಚಿದಂತೆ ಪಳಗಿದ ಕೈಗಳಿಗೆ ಬೇಡಿಕೆ ಏರುತ್ತದೆ. ಒಂದು ಕೆಲಸ ಮುಗಿಸಿ ಇನ್ನೊಬ್ಬ ಧಣಿಯ ಊರಿಗೆ ಹೊರಟವನಿಗೆ ಹಿಂದಿನ ಗೋಡೆಯ ಮೇಲಿನ ಹೆಸರೇ ಯೋಗ್ಯತಾಪತ್ರ. ಪೈಪೋಟಿಯೂ ಅಷ್ಟೇ ಬಿರುಸು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಮಗ ಚಾವಣ, ಬಿರುದು ಹೊತ್ತ ರೂವಾರಿಗಳೆಂಬ ಮನ್ಮಥರಿಗೆ ತಾನು ಶಿವ ಎಂದು ಕರೆದುಕೊಂಡ. ನುಗ್ಗೇಹಳ್ಳಿಯಲ್ಲಂತೂ ಒಂದೇ ಗುಡಿಯ ದಕ್ಷಿಣದ ಗೋಡೆ ನಂದಿಯ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಎರಡು ತಂಡಗಳನ್ನು ಎದುರುಬದುರು ನಿಲ್ಲಿಸಿ ಕೆಲಸ ತೆಗೆಯುವ ಜಾಣತನ ಇಂದಿನ ಬೆಂಗಳೂರಿನ ಕಂಪನಿಗಳೇ ಕಂಡುಹಿಡಿದದ್ದಲ್ಲ.

ವೇಗಕ್ಕೆ ಕಲ್ಲೂ ನೆರವಾಯಿತು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ, ಹಸಿಯಿದ್ದಾಗಲೇ ಕೆತ್ತಿಬಿಡಬೇಕು. ಜಾವಗಲ್‌ನ ತಳಭಾಗದಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸಗಳ ಪಟ್ಟಿಗಳು ಒಂದರ ಮೇಲೊಂದು ಓಡುತ್ತವೆ. ಇದು ಹಾರನಹಳ್ಳಿಯಲ್ಲೂ ಸೋಮನಾಥಪುರದಲ್ಲೂ ಕಾಣುವ ಏರ್ಪಾಡು. ಹೀಗೆ ಮಾದರಿ ನೆಲೆಯಾದಾಗ ಹೊಸಬನಿಗೆ ಆನೆಯ ಸಾಲು, ನುರಿತವನಿಗೆ ದೇವರ ವಿಗ್ರಹ ಎಂದು ಕೆಲಸ ಹಂಚುವುದು ಸುಲಭ. ಇದು ನನ್ನ ಊಹೆಯೇ, ಆದರೆ ರುಜುಗಳು ಹೆಚ್ಚಾಗಿ ದೊಡ್ಡ ವಿಗ್ರಹಗಳ ಪೀಠದಲ್ಲೇ ಇರುವುದು ಅದಕ್ಕೆ ಒತ್ತಾಸೆಯಾಗಿದೆ. ಆನೆ ಕೆತ್ತಿದವನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಬೇಲೂರಿನ ಮದನಿಕೆಯರ ಬಳುಕು ಈ ಹೊತ್ತಿಗೆ ಕಳೆದಿದೆ. ವಿಗ್ರಹಗಳು ಗಿಡ್ಡವಾಗಿ, ಒಡವೆಯಡಿ ಹೂತುಹೋಗಿವೆ. ಬೇಡಿಕೆಯ ಬೆಲೆ ತೆತ್ತದ್ದು ಕಲೆ ಎಂದು ನನಗನಿಸುತ್ತದೆ.

ಅರವತ್ತು ವರ್ಷ ಒಬ್ಬನೇ ಉಳಿ ಹಿಡಿದಿರಲು ಸಾಧ್ಯವೇ ಎಂದು ಕೇಳಬಹುದು. ಸಾಧ್ಯವಿಲ್ಲವೆಂದೇ ಇಟ್ಟುಕೊಳ್ಳೋಣ. ಹಾಗಾದರೆ ‘ಮಲ್ಲಿತಮ್ಮ’ ಒಂದು ತಂಡದ ಹೆಸರಾಗಿ, ಆ ಹೆಸರಿದ್ದರೆ ಸಾಕು ಕೆಲಸ ಸಿಗುತ್ತದೆ ಎನ್ನುವಂತಾಗಿತ್ತು ಎಂದಾಗುತ್ತದೆ. ನನ್ನ ವಾದಕ್ಕೆ ಅದು ಇನ್ನಷ್ಟು ಬಲ. ಜನರ ನೆನಪು ಮಾತ್ರ ಈ ಗುಂಪನ್ನೆಲ್ಲ ಬದಿಗಿಟ್ಟು ಜಕಣಾಚಾರಿ ಎಂಬ ಒಬ್ಬನೇ ಮಹಾಶಿಲ್ಪಿಯನ್ನು ಉಳಿಸಿಕೊಂಡಿತು. ಇನ್ನು ಭಕ್ತಿಯ ಮಾತು. ಕೆತ್ತುವವನಿಗೆ ಭಕ್ತಿ ಇರಲಿಲ್ಲವೆಂದು ಯಾರು ಹೇಳಿಯಾರು? ಆದರೆ ಅರ್ಪಣೆಯೇ ಕಾರಣವಾಗಿದ್ದರೆ ಎದುರಾಳಿಗಳನ್ನು ಹೀಯಾಳಿಸುವ ಬಿರುದು ದೇವರ ಮುಂದೆ ಏಕೆ ಬೇಕು?

ಗಟ್ಟಿ ಆಕ್ಷೇಪ ಬೇರೆಯೇ ಇದೆ. ವಿಜಯನಗರದಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಗುಡಿಗಳೆದ್ದರೂ ರೂವಾರಿಗಳ ರುಜು ಈ ಮಟ್ಟಿಗೆ ಕಾಣುವುದಿಲ್ಲ. ಕೆಲಸ ಹೆಚ್ಚಿದರೆ ಹೆಸರು ಮೂಡುತ್ತದೆ ಎಂಬ ಸೂತ್ರ ಅಲ್ಲಿ ಸೋಲುತ್ತದೆ, ಒಪ್ಪಬೇಕು. ಗಡುಸಾದ ಕಣಶಿಲೆಯಲ್ಲಿ ಇಂಥ ಸೂಕ್ಷ್ಮ ಕೆತ್ತನೆಗೆ ಎಡೆ ಕಡಿಮೆಯಿತ್ತೆನ್ನುವುದು ಒಂದು ಸಮಜಾಯಿಷಿ. ಹಂಪಿಯ ದೊಡ್ಡ ಕೆಲಸಗಳು ಅರಮನೆಯ ಸುತ್ತಲೇ ನೆರೆದಿದ್ದವು ಎನ್ನುವುದು ನನಗೆ ಹೆಚ್ಚು ಸರಿ ಕಾಣುವ ಕಾರಣ. ಜಾವಗಲ್ ಸುತ್ತಿನ ರೂವಾರಿಗೆ ಈ ಧಣಿಯನ್ನು ಬಿಟ್ಟು ಮುಂದಿನ ಊರಿನ ಹೆಗ್ಗಡೆಯ ಬಳಿ ಹೋಗುವ ದಾರಿಯಿತ್ತು; ಆದ್ದರಿಂದಲೇ ಹೆಸರು ಹೊತ್ತೊಯ್ಯುವ ಅಗತ್ಯವೂ ಇತ್ತು.